ಬಿಳಿಯೋ, ಬೆಳ್ಳಿಯೋ

ಪಾರ್ಸನ್ಸ್ ಟಿಕಲ್, ಲ್ಯಾಬ್ರಡಾರ್
ಅಕ್ಟೋಬರ್ 19, 2014

ಪ್ರೀತಿಯ ಮಾವ,

ನಾನೂ ಪಿಯಾಳೂ ಚೆನ್ನಾಗಿದ್ದೇವೆ. ಫೋನ್ ಬಿಟ್ಟು ಕಾಗದ ಬರೆಯುತ್ತಿದ್ದಾಳಲ್ಲ ಎಂದುಕೊಳ್ಳಬೇಡಿ. ಫೋನಿನಲ್ಲಿ ನಿಮಗೆ ಕೇಳಿಸುವುದಿಲ್ಲ, ಕೇಳಿಸಲಿಲ್ಲ ಎಂದು ನೀವು ಒಪ್ಪುವುದೂ ಇಲ್ಲ. ಹೋದ ಭಾನುವಾರ ನಿಮ್ಮ ಮೊಮ್ಮಗಳು ಹಲ್ಲು ಬಿತ್ತು ಎಂದರೆ "ಯಾರು ಬಿದ್ರು? ಎಲ್ಲಿ ಬಿದ್ರು?" ಎಂದು ಗಾಬರಿಯಾಗಿ ಆ ತುದಿಯಿಂದ ಕೂಗಿದ್ದೇ ಕೂಗಿದ್ದು. ಕಾಗದವೇ ವಾಸಿ.

ರೆಮೊ ತೀರಿಕೊಂಡ ಮೇಲೆ ಮಗಳನ್ನು ಕರೆದುಕೊಂಡು ನಾನು ತವರಿಗೆ ಹೊರಟಾಗ ನಿಮಗೊಂದು ಮಾತು ಕೊಟ್ಟಿದ್ದೆ. ಇಲ್ಲಿ ಕಾಲೂರಲು ಆಗದಿದ್ದರೆ ಲೆಮಿಂಗ್ಟನ್ನಿಗೆ, ನಿಮ್ಮ ಮನೆಗೇ ವಾಪಸು ಬರುತ್ತೇನೆ ಎಂದು. ಆ ಮಾತು ಮರೆತಿಲ್ಲ. ಆದರೆ ಈಗ ಕಾಲೂರುವ ಹಾಗೆ ಒಂದು ಕೆಲಸ ಸಿಕ್ಕಿದೆ. ಇಲ್ಲಿಯ ಶಾಲೆಯಲ್ಲಿ ಮೊದಲು ಕಲ್ಲಿದ್ದಲು ತುಂಬುತ್ತಿದ್ದ ಕೋಣೆಯನ್ನು ನನಗೆ ಬಿಟ್ಟುಕೊಟ್ಟಿದ್ದಾರೆ. ಅದರೊಳಗೆ ದೀಪದ ಬೆಳಕಿನಲ್ಲಿ ಲೆಟ್ಯೂಸ್ ಸೊಪ್ಪು ಬೆಳೆದು ಮಕ್ಕಳ ಮಧ್ಯಾಹ್ನದ ಊಟಕ್ಕೆ ಕೊಡಬೇಕು. ಚಳಿಗಾಲದಲ್ಲಿ ಇಲ್ಲಿಗೆ ವಿಮಾನದಲ್ಲಿ ಬರುವ ಸೊಪ್ಪು ಹೇಗಿರುತ್ತದೆಂದು ಹೇಳಿದರೆ ನಿಮಗೆ ಊಟ ಸೇರುವುದಿಲ್ಲ.

ಒಂದೇ ಷರತ್ತು. ಈಸ್ಟರ್ ರಜೆಗೆ ಮುಂಚಿನ ಊಟದಲ್ಲಿ ಪ್ರತಿ ಮಗುವಿನ ತಟ್ಟೆಯಲ್ಲೂ ನನ್ನ ಸೊಪ್ಪು ಇರಬೇಕು. ಇಲ್ಲವಾದರೆ ಕೋಣೆಯೂ ಹೋಯಿತು, ಕೆಲಸವೂ ಹೋಯಿತು. ಶಾಲಾ ಸಮಿತಿಯ ಅಧ್ಯಕ್ಷ ಜೆರಾಲ್ಡ್ ರಂಬೋಲ್ಟ್ ಮಕ್ಕಳಿಗೆ ಐಸ್ ಹಾಕಿ ಆಟ ಕಲಿಸುವವನೂ ಹೌದು. ಆಟದ ಸಾಮಾನು ಇಡಲು ಅವನ ಕಣ್ಣು ಮೊದಲಿನಿಂದಲೂ ಆ ಕೋಣೆಯ ಮೇಲೆ. "ನೋಡು ಲೊರೇನ್, ಸೊಪ್ಪು ಬಂದ್ರೆ ಸೊಪ್ಪು, ಬರ್ದಿದ್ರೆ ಹೆಲ್ಮೆಟ್ಟು. ಆಮೇಲೆ ನನ್ ಮೇಲೆ ಮುಖ ಊದಿಸ್ಕೋಬೇಡ" ಎಂದು ಮೊದಲೇ ಹೇಳಿಬಿಟ್ಟಿದ್ದಾನೆ.

ಕೋಣೆಗೆ ಕಿಟಕಿಯಿಲ್ಲ. ಹಳೆಯ ಐಸ್ ಹಾಕಿ ಅಂಗಳದ ದೊಡ್ಡ ದೀಪಗಳನ್ನು ತಂದು ತೂಗುಹಾಕಿದ್ದೇವೆ. ಆದರೆ ಗೋಡೆಗೆಲ್ಲ ಕಂದು ಹಲಗೆ, ಬೆಳಕನ್ನೆಲ್ಲ ಅದೇ ಕುಡಿದುಬಿಡುತ್ತದೆ. ಗೋಡೆಗೆ ಏನು ಹಚ್ಚಲಿ? ಡಲ್ಸಿ ಚಿಕ್ಕಮ್ಮ ಅಡುಗೆಮನೆಯ ಫಾಯಿಲ್ ಅಂಟಿಸು, ಮಿನುಗುವ ಮಗ್ಗುಲು ಹೊರಗಿರಲಿ ಅನ್ನುತ್ತಾಳೆ. ದೋಣಿಗೆ ಬಳಿದು ಉಳಿದ ಬಿಳಿ ಬಣ್ಣವಿದೆ, ಅದನ್ನೇ ಬಳಿ ಎಂದು ಅಮ್ಮ. ಅಂಗಡಿಯವನು ಕನ್ನಡಿ ತೋರಿಸುತ್ತಾನೆ. ಎಲ್ಲರ ಮಾತು ಕೇಳಿ ನನಗೆ ತಲೆ ಚಿಟ್ಟು ಹಿಡಿದಿದೆ. ನಲವತ್ತು ವರ್ಷ ಗಾಜಿನ ಮನೆಯಲ್ಲಿ ಟೊಮೇಟೊ ಬೆಳೆದವರು ನೀವು. ನೀವು ಹೇಳಿದ್ದೇ ಗೋಡೆಗೆ.

ನಿಮ್ಮ
ಲೊರೇನ್


ಲೆಮಿಂಗ್ಟನ್, ಒಂಟಾರಿಯೊ
ನವೆಂಬರ್ 2

ಲೊರೇನ್,

ಯಾರು ಬಿದ್ದದ್ದೂ ಅಲ್ಲ, ಹಲ್ಲು ಬಿದ್ದದ್ದು ಎಂದು ನನಗೆ ಆಗಲೇ ಗೊತ್ತಾಗಿತ್ತು. ಮೊಮ್ಮಗಳ ಜೊತೆ ತಮಾಷೆ ಮಾಡುತ್ತಿದ್ದೆ.

ಗೋಡೆಯ ವಿಷಯ. ಬಿಳಿ ಬಣ್ಣ ಎಂದವರನ್ನು ಆ ಕೋಣೆಯ ಬಾಗಿಲಿಗೂ ಸೇರಿಸಬೇಡ, ನಿನ್ನ ತಾಯಿಯಾದರೂ ಸರಿಯೇ. ಜೂನ್ ತಿಂಗಳಲ್ಲಿ ಇಲ್ಲಿ ನಾವೆಲ್ಲ ಗಾಜಿನ ಮನೆಯ ಮೇಲೆ ಹತ್ತಿ ಸುಣ್ಣದ ನೀರು ಎರಚುತ್ತಿದ್ದದ್ದನ್ನು ನೀನೇ ನೋಡಿದ್ದೀಯ. ಯಾಕೆ ಎರಚುತ್ತಿದ್ದೆವು? ಒಳಗೆ ಬೆಳಕು ಜಾಸ್ತಿಯಾಗಿ ಹಣ್ಣು ಬೇಯದಿರಲಿ ಎಂದು. ಬಿಳಿ ಎಂದರೆ ನೆರಳು. ಇದು ಲೆಮಿಂಗ್ಟನ್ನಿನ ಕೂಸಿಗೂ ಗೊತ್ತು. ಬೆಳಕೇ ಇಲ್ಲದ ಕೋಣೆಗೆ ಬಿಳಿ ಬಳಿದರೆ ಇದ್ದ ದೀಪಕ್ಕೂ ಕೊಡೆ ಹಿಡಿದ ಹಾಗೆ. ಬೆಳ್ಳಗಿರುವುದೆಲ್ಲ ಹಾಲಲ್ಲ.

ನಿನಗೆ ಬೇಕಾದದ್ದು ಬೆಳ್ಳಿ ಹಾಳೆ. ಕನ್ನಡಿಯ ಹಾಗೆ ಮಿನುಗುವ ತೆಳು ಪ್ಲಾಸ್ಟಿಕ್ಕು. ಒಂದು ಸುರುಳಿ ಕಳಿಸುತ್ತಿದ್ದೇನೆ. ಅದರಲ್ಲಿ ಒಂದು ತುಂಡು ನಾನು ಇಟ್ಟುಕೊಂಡಿದ್ದೇನೆ, ಯಾಕೆಂದು ಕೇಳಬೇಡ.

ಮಹಡಿಯ ಎರಡೂ ಕೋಣೆ ಗುಡಿಸಿ ಒರೆಸಿ ಇಟ್ಟಿದ್ದೇನೆ. ಇರಲಿ ಎಂದು. ಕ್ಲಬ್ಬಿನಲ್ಲಿ ಇಸ್ಪೀಟು ಆಡುವಾಗ ಗೆಳೆಯ ಎತ್ತೊರೆ "ಸೊಸೆ ಯಾವಾಗ ಬರ್ತಾಳೋ ಡೊನಾಟೊ?" ಅಂದ. "ಅವಳು ಬರೋದು ಬಿಡೋದು ಲೆಟ್ಯೂಸ್ ಕೈಯಲ್ಲಿದೆ ಕಣೋ" ಅಂದೆ. ಅವನಿಗೆ ಅರ್ಥವಾಗಲಿಲ್ಲ. ಅವನಿಗೆ ಎಲೆ ಕೈಗೆ ಬಂದರೂ ಅರ್ಥವಾಗುವುದಿಲ್ಲ.

ಡೊನಾಟೊ


ನವೆಂಬರ್ 30

ಪ್ರೀತಿಯ ಮಾವ,

ವಿಮಾನ ಮೂರು ಸಲ ಮಂಜಿಗೆ ಹೆದರಿ ತಿರುಗಿಹೋಗಿ, ನಿಮ್ಮ ಸುರುಳಿ ಕೊನೆಗೂ ಬಂತು. ನೆಲದಿಂದ ಮಾಡಿನವರೆಗೆ ಅಂಟಿಸಿದೆವು. ಕೋಣೆ ಈಗ ಹೇಗೆ ಕಾಣುತ್ತದೆ ಎಂದರೆ, ಊರಿನ ಜನ ದೇವಸ್ಥಾನಕ್ಕೆ ಬಂದ ಹಾಗೆ ಬಂದು ನೋಡಿಕೊಂಡು ಹೋಗುತ್ತಿದ್ದಾರೆ. ನೋಡುವುದು ಸೊಪ್ಪನ್ನಲ್ಲ, ತಮ್ಮ ಮುಖವನ್ನು. ಜೆರಾಲ್ಡ್ ಬಂದವನು ಬಾಚಣಿಗೆ ತೆಗೆದು ತಲೆ ಬಾಚಿಕೊಂಡ. "ಹೆಲ್ಮೆಟ್ ಕೋಣೆಗೆ ಕನ್ನಡಿ ಇರೋದೂ ಒಳ್ಳೇದೇ" ಎಂದು ಹೇಳಿಹೋದ.

ಬೀಜ ಮೊಳೆತಿವೆ. ಪಿಯಾ ಸಸಿಯ ತಟ್ಟೆಗಳಿಗೆಲ್ಲ ಹೆಸರಿಟ್ಟಿದ್ದಾಳೆ. ಬೆಳೆದ ಮೇಲೆ ತಿನ್ನುವುದಿಲ್ಲವಂತೆ, ಹಸಿರು ತಿನ್ನುವುದು ಮೊಲಗಳಂತೆ. ನಿಮ್ಮ ಉಪಕಾರ ದೊಡ್ಡದು.

ಲೊರೇನ್


ಡಿಸೆಂಬರ್ 14

ಲೊರೇನ್,

ಕ್ಲಬ್ಬಿನಲ್ಲಿ ನಿನ್ನ ಕಾಗದ ಗಟ್ಟಿಯಾಗಿ ಓದಿದೆ. ಎತ್ತೊರೆಯ ಮುಖ ನೋಡಬೇಕಿತ್ತು.

ಮನೆಗೆ ಬಂದು ಇನ್ನೊಮ್ಮೆ ಓದಿದೆ. ಯಾರ್ಯಾರ ಮುಖ ಹೇಗೆ ಕಾಣಿಸಿತು ಎಂದು ಪುಟ ತುಂಬ ಬರೆದಿದ್ದೀಯ. ಕಾಂಡದ ವಿಷಯ ಒಂದು ಸಾಲೂ ಇಲ್ಲ. ಕಾಂಡ ದಪ್ಪಗಿದೆಯೋ ಸಣಕಲೋ? ನೆಟ್ಟಗೆ ನಿಂತಿದೆಯೋ ವಾಲಿದೆಯೋ? ಬೆಳೆ ಚೆನ್ನಾಗಿದ್ದರೆ ಯಾರೂ ಕೋಣೆಯ ಅಂದ ಹೊಗಳುತ್ತಾ ಕೂರುವುದಿಲ್ಲ. ನಿಜ ಬರೆ.

ಹಬ್ಬಕ್ಕೆ ಪಿಯಾಳಿಗೆ ಬಾದಾಮಿ ಮಿಠಾಯಿ, ನಿನಗೂ ನಿನ್ನ ತಾಯಿಗೂ ಒಣ ಸಾಸೇಜು ಕಳಿಸಿದ್ದೇನೆ. ನಿನ್ನ ತಾಯಿ ಅದನ್ನು ಆಲೂಗೆಡ್ಡೆ ಜೊತೆ ಕುದಿಸಿಬಿಡದ ಹಾಗೆ ನೋಡಿಕೋ.

ಡೊನಾಟೊ


ಜನವರಿ 4, 2015

ಪ್ರೀತಿಯ ಮಾವ,

ಅಮ್ಮ ಕುದಿಸಿಬಿಟ್ಟಳು. ಕ್ಷಮಿಸಿ.

ಇನ್ನೊಂದು ನಿಜ. ಕಾಂಡ ನೂಲಿನ ಹಾಗಿದೆ. ನಾನು ಬೇಕೆಂದೇ ಬರೆದಿರಲಿಲ್ಲ. ನೀವು ಪ್ರೀತಿಯಿಂದ ಕಳಿಸಿದ್ದು, ಹೇಗೆ ಬರೆಯುವುದು ಎಂದುಕೊಂಡೆ. ಈ ಹಲಗೆ ಗೋಡೆ ಒಂದೇ ಮಟ್ಟಕ್ಕಿಲ್ಲ. ಹಾಳೆ ಅಲ್ಲಲ್ಲಿ ಉಬ್ಬಿಕೊಂಡಿದೆ. ಉಬ್ಬಿದ ಕಡೆಯಿಂದ ಬೆಳಕು ಒಂದೇ ಜಾಗಕ್ಕೆ ಬಿದ್ದು ಅಲ್ಲಿಯ ಎಲೆ ಕಂದಾಗಿ ಸುರುಟುತ್ತದೆ. ಪಕ್ಕದ ತಟ್ಟೆ ಬೆಳಕೇ ಕಾಣದೆ ಮಂಕಾಗಿ ವಾಲುತ್ತದೆ. ಎಳೆದು ಸರಿಮಾಡಿದಷ್ಟೂ ಇನ್ನೊಂದು ಕಡೆ ಮಡಿಕೆ ಬೀಳುತ್ತದೆ. ಹಾಳೆಯ ಹಿಂದೆ ನೀರು ನಿಂತು ಬೂಸ್ಟು ಬೇರೆ. ಮೊದಲ ಬಿತ್ತನೆ ಪೂರ್ತಿ ಕಿತ್ತು ಎಸೆದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಹಾಗೆ ಗೋಡೆಯನ್ನು ದೂರುತ್ತಿದ್ದೇನೆ ಅನ್ನಬೇಡಿ. ನಿಜವಾಗಿಯೂ ಗೋಡೆಯೇ ಡೊಂಕು.

ಒಂದು ಮಾತು ಕೇಳಲೇ? ಇಲ್ಲಿ ಏಪ್ರಿಲ್ ತಿಂಗಳಲ್ಲಿ ಸ್ನೋಮೊಬೈಲ್ ಹತ್ತಿ ಹಿಮದ ಬಯಲಿನಲ್ಲಿ ಹೋಗಿಬಂದರೆ ನಮ್ಮ ಮುಖ ಸುಡುತ್ತದೆ. ಎಲ್ಲಿ ಸುಡುತ್ತದೆ ಗೊತ್ತೇ? ಗದ್ದದ ಕೆಳಗೆ, ಮೂಗಿನ ಹೊಳ್ಳೆಯ ಒಳಗೆ. ಟೊಪ್ಪಿಗೆ ಹಾಕಿದರೂ ತಪ್ಪುವುದಿಲ್ಲ. ಸೂರ್ಯ ಮೇಲಿದ್ದರೂ ಬೆಳಕು ಹಿಮದಿಂದ ಎದ್ದು ಎಲ್ಲ ಕಡೆಯಿಂದಲೂ ಬರುತ್ತದೆ. ಕೊಲ್ಲಿಯ ಮೇಲಿನ ನುಣುಪು ಮಂಜುಗಡ್ಡೆಯ ಮೇಲೆ ಹೋದರೆ ಹೀಗಾಗುವುದಿಲ್ಲ. ಅದು ಒಂದು ಕಡೆ ಕಣ್ಣಿಗೆ ಚುಚ್ಚುತ್ತದೆ, ಮಿಕ್ಕ ಕಡೆ ಕಪ್ಪಗಿರುತ್ತದೆ. ನಿಮ್ಮ ಹಾಳೆ ಆ ಮಂಜುಗಡ್ಡೆಯ ಹಾಗೆ. ನನಗೆ ಬೇಕಾದದ್ದು ಹಿಮವೇನೋ ಅನ್ನಿಸುತ್ತದೆ.

ಅಂದರೆ ಬಿಳಿ. ಬಿಳಿ ಬಣ್ಣ ಬೆಳಕನ್ನು ತಿಂದುಬಿಡುತ್ತದೆ ಎಂದು ನೀವು ಅಂದಿದ್ದೀರಿ. ನಿಮ್ಮ ಅನುಭವದ ಮುಂದೆ ನನ್ನ ಗದ್ದ ಏನು ಮಹಾ. ಅದಕ್ಕೇ ಕೇಳುತ್ತಿದ್ದೇನೆ. ಫೆಬ್ರವರಿಯ ನಡುವಿನೊಳಗೆ ಮತ್ತೆ ಬಿತ್ತದಿದ್ದರೆ ಈಸ್ಟರ್‌ಗೆ ಸೊಪ್ಪಿಲ್ಲ. ತಪ್ಪಾದರೆ ಮತ್ತೊಮ್ಮೆ ಬಿತ್ತಲು ಹೊತ್ತೂ ಇಲ್ಲ. ಬಿಳಿ ಬಳಿಯಲೇ ಬೇಡವೇ, ಒಂದು ಮಾತು ಬರೆಯಿರಿ.

ಲೊರೇನ್


ಜನವರಿ 25

ಲೊರೇನ್,

ಕಾಗದ ತಲುಪಿತು. ಇಲ್ಲಿ ಚಳಿ ಅಷ್ಟೇನಿಲ್ಲ. ಕೆರೆಯ ಕಡೆಯಿಂದ ಗಾಳಿ.

ನಮ್ಮ ಬೀದಿಯ ತುದಿಯ ಶಾಲೆಗೆ ಹೊಸ ಟೀಚರ್ ಬಂದಿದ್ದಾರೆ. ಒಳ್ಳೆಯವರಂತೆ. ಪಿಯಾಳ ವಯಸ್ಸಿನ ಮಕ್ಕಳು ಈ ಬೀದಿಯಲ್ಲಿ ಬೇಕಾದಷ್ಟಿದ್ದಾರೆ. ಗೋಡೆಯ ವಿಷಯ ಯೋಚನೆ ಮಾಡುತ್ತಿದ್ದೇನೆ. ಅವಸರ ಮಾಡಿ ಹಾಳೆ ಕೀಳಬೇಡ.

ಡೊನಾಟೊ


ಫೆಬ್ರವರಿ 8

ಮಾವ,

ನಿಮ್ಮ ಕಾಗದವನ್ನು ತಿರುಗಿಸಿ ತಿರುಗಿಸಿ ನೋಡಿದೆ, ಹಿಂದೆ ಏನಾದರೂ ಬರೆದಿದ್ದೀರೇನೋ ಎಂದು. ನೀವು ಅಭಿಪ್ರಾಯ ಹೇಳದೆ ಇದ್ದ ವಿಷಯ ಈ ಜಗತ್ತಿನಲ್ಲಿ ಇದುವರೆಗೆ ಇರಲಿಲ್ಲ. ಮೈ ಹುಷಾರಾಗಿದೆ ತಾನೆ?

ಮೊನ್ನೆ ಜೆರಾಲ್ಡ್ ಅಳತೆ ಪಟ್ಟಿ ಹಿಡಿದು ಬಂದು, ಮೊಳೆ ಎಲ್ಲೆಲ್ಲಿ ಹೊಡೆಯಬೇಕು ಎಂದು ಗೋಡೆಯ ಮೇಲೆ ಗುರುತು ಹಾಕಿಹೋದ. ಅವನಿಗೂ ಮನಸ್ಸಿಗೆ ಹಿತವಿರಲಿಲ್ಲ. "ಏನ್ ಮಾಡ್ಲಿ ಹೇಳು, ಹುಡುಗ್ರು ಒದ್ದೆ ಬ್ಯಾಗ್ ಹೊತ್ಕೊಂಡು ಎಲ್ಲಿಗೆ ಹೋಗ್ಬೇಕು" ಅಂದ. ಅಮ್ಮ "ನಿನ್ ಮಾವನ್ನ ಕೇಳ್ಕೊಂಡು ನಾನು ನಿನ್ನ ಹೆತ್ತಿದ್ನೇನೆ? ಬಳ್ದು ಬಿಸಾಕು" ಅನ್ನುತ್ತಾಳೆ. ಬಳಿದುಬಿಡಬಹುದು. ಆದರೆ ನೀವು ಕೀಳಬೇಡ ಎಂದು ಬರೆದಿದ್ದೀರಿ. ಬೆಳೆಯ ವಿಷಯದಲ್ಲಿ ನಿಮ್ಮನ್ನು ಮೀರಿ ನಡೆದು ಕೆಟ್ಟರೆ ನನ್ನನ್ನು ನಾನೇ ಕ್ಷಮಿಸಿಕೊಳ್ಳಲಾರೆ.

ಪಿಯಾಳಿಗೆ ನಿಧಾನವಾಗಿ ಹೇಳಿಡುತ್ತಿದ್ದೇನೆ, ಅಜ್ಜನ ಊರಿಗೆ ಹೋಗಬೇಕಾಗಬಹುದು ಎಂದು. ಅವಳು ಅಳಲಿಲ್ಲ. ಅಜ್ಜಿಯ ಹಿಂದೆ ಹೋಗಿ ನಿಂತುಕೊಂಡಳು. ನಿಮ್ಮ ಮನೆಯ ಮೇಲೆ ನನಗೆ ಅಸಮಾಧಾನವಿಲ್ಲ ಮಾವ, ಅಲ್ಲಿ ಸುಖವಾಗಿಯೇ ಇದ್ದೆ. ಆದರೆ ಅಲ್ಲಿ ಪ್ರತಿ ಬಾಗಿಲು ತೆಗೆದಾಗಲೂ ರೆಮೊ ಇರುವುದಿಲ್ಲ. ಇಲ್ಲಿ ನಾನು ಉಸಿರಾಡುತ್ತೇನೆ.

ಮುಂದಿನ ವಿಮಾನದಲ್ಲೂ ಉತ್ತರ ಬರದಿದ್ದರೆ ಜೆರಾಲ್ಡ್‌ಗೆ ಕೋಣೆ ಒಪ್ಪಿಸಿಬಿಡುತ್ತೇನೆ.

ಲೊರೇನ್


ಫೆಬ್ರವರಿ 15

ಲೊರೇನ್,

ಬಿಳಿ. ಮೊದಲು ಅದನ್ನು ಬರೆದುಬಿಡುತ್ತೇನೆ. ಹಾಳೆ ಕಿತ್ತುಹಾಕು. ಬೂಸ್ಟನ್ನು ಬ್ಲೀಚಿನಲ್ಲಿ ಉಜ್ಜಿ ಒಣಗಿಸು. ಆಮೇಲೆ ಬಿಳಿ ಬಳಿ, ಮಾಡಿಗೂ ಬಳಿ. ದೋಣಿಯ ಬಣ್ಣ ಬೇಡ, ಅದಕ್ಕೆ ಹೊಳಪಿರುತ್ತದೆ. ಹೊಳಪಿಲ್ಲದ, ಸುಣ್ಣದಂತೆ ಮಂಕಾಗಿ ಕಾಣುವ ಬಿಳಿಯೇ ಬೇಕು.

ನಿನ್ನೆ ಫೋನ್ ಮಾಡಿದ್ದೆ. ನಿನ್ನ ತಾಯಿ ಎತ್ತಿಕೊಂಡರು. "ಬಿಳಿ, ಬಿಳಿ ಅಂತ ಹೇಳಿ ಅವಳಿಗೆ" ಎಂದು ಕೂಗಿದೆ. ಅವರು ಏನೋ ಅಂದರು. ನನಗೆ ಕೇಳಿಸಿದ್ದು ಇಷ್ಟು: "ಹೌದು ಬೀಗರೇ, ಹೊರಗೆಲ್ಲ ಬಿಳೀನೇ, ಮೂರು ದಿನದಿಂದ ಬೀಳ್ತಾ ಇದೆ." ಮತ್ತೆ ಕೂಗಿದೆ. "ನಿಮ್ಮಲ್ಲೂ ಬಿಳೀನಾ?" ಅಂದರು. ಇಟ್ಟುಬಿಟ್ಟೆ. ಅದಕ್ಕೇ ಈ ಕಾಗದ.

ಈಗ ಕೇಳು. ನಿನ್ನ ನವೆಂಬರ್ ಕಾಗದದಲ್ಲಿ ಕಾಂಡದ ಮಾತೇ ಇರಲಿಲ್ಲವಲ್ಲ, ಆಗಲೇ ನನ್ನ ತಲೆಗೆ ಹುಳ ಹೊಕ್ಕಿತ್ತು. ನೆಲಮನೆಯಲ್ಲಿ ದ್ರಾಕ್ಷಿಯ ಎರಡು ಖಾಲಿ ಪೆಟ್ಟಿಗೆ ಇಟ್ಟೆ. ಒಂದರ ಒಳಗೆ ನಾನು ಉಳಿಸಿಕೊಂಡಿದ್ದ ಬೆಳ್ಳಿ ಹಾಳೆ, ಇನ್ನೊಂದಕ್ಕೆ ಮಂಕು ಬಿಳಿ. ಎರಡಕ್ಕೂ ಒಂದೇ ಥರದ ದೀಪ, ಒಂದೇ ಬೀಜ. ಬೆಳ್ಳಿಯದು ನಿನ್ನ ಕೋಣೆಯ ಹಾಗೆಯೇ ವಾಲಿತು. ಬಿಳಿಯದು ಗಿಡ್ಡಗೆ, ಗಟ್ಟಿಯಾಗಿ, ದಟ್ಟ ಹಸಿರಾಗಿ ನಿಂತಿತು. ನಲವತ್ತು ವರ್ಷದಲ್ಲಿ ಅಂಥ ಸಸಿ ಬೆಳೆಸಿದ್ದು ನೆನಪಿಲ್ಲ.

ಆ ಪೆಟ್ಟಿಗೆಯ ಮುಂದೆ ಕೂತು ಯೋಚಿಸಿದೆ. ಸುಣ್ಣ ಬೆಳಕನ್ನು ತಿನ್ನುತ್ತದೆ ಎಂದುಕೊಂಡಿದ್ದೆ. ತಿನ್ನುವುದಿಲ್ಲ, ವಾಪಸು ಕಳಿಸುತ್ತದೆ. ಗಾಜಿನ ಮೇಲೆ ಹಚ್ಚಿದರೆ ಬಿಸಿಲು ಆಕಾಶಕ್ಕೆ ವಾಪಸು ಹೋಗುತ್ತದೆ. ಕೋಣೆಯೊಳಗೆ ಹಚ್ಚಿದರೆ ಗಿಡಕ್ಕೇ ವಾಪಸು ಬರುತ್ತದೆ. ಅದೇ ಸುಣ್ಣ, ಅದೇ ಕೆಲಸ. ನಾನು ಪ್ರತಿ ಜೂನಿನಲ್ಲೂ ಒಳಗೆ ನಿಂತು ನೆರಳು ನೋಡಿದೆ. ಹೊರಗೆ ಬಂದು, ಹೋದ ಬೆಳಕು ಎಲ್ಲಿಗೆ ಹೋಯಿತು ಎಂದು ನೋಡಲೇ ಇಲ್ಲ.

ಇದೆಲ್ಲ ನಾನು ಹೋದ ಸಲದ ಕಾಗದ ಬರೆಯುವಾಗಲೇ ನನಗೆ ಗೊತ್ತಿತ್ತು.

ಗೊತ್ತಿದ್ದೂ ಗಾಳಿಯ ವಿಷಯ ಬರೆದೆ. ನೀನು ಸೋತರೆ ಪಿಯಾ ಇಲ್ಲಿಗೆ ಬರುತ್ತಾಳೆ, ನನ್ನ ಮೇಜಿನಲ್ಲಿ ಎದುರಿಗೆ ಕೂತು ಊಟ ಮಾಡುತ್ತಾಳೆ. ನಾನು ಸುಮ್ಮನಿದ್ದರೆ ಸಾಕಿತ್ತು, ಏನೂ ಮಾಡಬೇಕಾಗಿರಲಿಲ್ಲ. ಆಮೇಲೆ ನಿನ್ನ ಕಾಗದ ಬಂತು. ಮಗು ಅಳಲಿಲ್ಲ, ಅಜ್ಜಿಯ ಹಿಂದೆ ಹೋಗಿ ನಿಂತುಕೊಂಡಳು ಎಂದು ಬರೆದಿದ್ದೀಯ. ಅಷ್ಟು ಸಾಕಾಯಿತು. ನಾಚಿಕೆಯಾಗುತ್ತಿದೆ ನನಗೆ. ಬೈಯುವುದಿದ್ದರೆ ಬೈ, ಆದರೆ ಮೊದಲು ಬಣ್ಣ ಬಳಿ.

ಡೊನಾಟೊ


ಮಾರ್ಚ್ 1

ಮಾವ,

ನಿಮ್ಮ ಕಾಗದಕ್ಕೆ ಕಾಯಲಿಲ್ಲ. ಆ ದಿನ ನಾನು ಮನೆಗೆ ಬಂದಾಗ ಅಮ್ಮ "ನಿನ್ ಮಾವ ಫೋನ್ ಮಾಡಿದ್ರು ಕಣೇ, ಹಿಮ ಎಷ್ಟು ಬಿದ್ದಿದೆ ಅಂತ ಕೇಳೋಕೆ. ಬಿಳಿ ಬಿಳಿ ಅಂತ ಒಂದೇ ಸಮ ಬಡ್ಕೊಂಡ್ರು. ವಯಸ್ಸಾಯ್ತು ಪಾಪ" ಅಂದಳು. ನೀವು ಹಿಮದ ವಿಷಯ ಕೇಳಲು ಫೋನ್ ಮಾಡುವವರಲ್ಲ. ಬಿಚ್ಚಿದ ಕೋಟನ್ನು ಮತ್ತೆ ಹಾಕಿಕೊಂಡು ಶಾಲೆಗೆ ಓಡಿದೆ. ದೋಣಿಯ ಬಣ್ಣ ಮಂಜುಗಡ್ಡೆಯ ಹಾಗೆ ಹೊಳೆಯುತ್ತದೆಂದು ಬಿಟ್ಟೆ. ಡಲ್ಸಿ ಚಿಕ್ಕಮ್ಮನ ಮನೆಯ ಮಾಡಿಗೆಂದು ತಂದಿಟ್ಟ ಮಂಕು ಬಿಳಿ ಇತ್ತು, ಅದನ್ನೇ ಕೇಳಿ ತಂದೆವು. ಬಳಿದು, ಒಣಗಿಸಿ, ಬಿತ್ತಿದ್ದೂ ಆಯಿತು.

ನಿಮ್ಮ ಕಾಗದ ಆಮೇಲೆ ಬಂತು. ನನಗೆ ಸಿಟ್ಟು ಬಂದಿದೆ. ಎಷ್ಟು ಬಂದಿದೆ ಎಂದು ಬರೆಯುವುದಿಲ್ಲ. ನಿಮ್ಮನ್ನು ಕೇಳದೆ ಒಂದು ಹಾಳೆಯನ್ನೂ ಕೀಳದವಳು ನಾನು, ನನಗೇ ನೀವು ಹೀಗೆ ಮಾಡಿದಿರಿ. ಸದ್ಯಕ್ಕೆ ನಮ್ಮಿಬ್ಬರ ನಡುವೆ ಗಿಡದ ಮಾತು ಮಾತ್ರ.

ಗಿಡ ಚೆನ್ನಾಗಿವೆ. ಮೂಲೆಯ ತಟ್ಟೆಗೂ ನಡುವಿನ ತಟ್ಟೆಗೂ ವ್ಯತ್ಯಾಸವೇ ಇಲ್ಲ. ಕೋಣೆಯಲ್ಲಿ ಈಗ ಯಾರ ನೆರಳೂ ಸರಿಯಾಗಿ ಬೀಳುವುದಿಲ್ಲ. ಮುಖ ಕಾಣುವುದಿಲ್ಲವೆಂದು ಜನ ಬರುವುದನ್ನೂ ನಿಲ್ಲಿಸಿದ್ದಾರೆ.

ಲೊರೇನ್


ಮಾರ್ಚ್ 15

ಲೊರೇನ್,

ಬೈದದ್ದು ತಲುಪಿತು. ಇನ್ನೂ ಜಾಸ್ತಿ ಬೈಯಬಹುದಿತ್ತು.

ಗಿಡದ ಮಾತು: ಒಂದು ಫ್ಯಾನು ಇಡು. ಎಲೆ ಅಲುಗಾಡಿದರೆ ಕಾಂಡ ಗಟ್ಟಿಯಾಗುತ್ತದೆ. ಗೋಡೆಗೆ ನೀರು ಚಿಮ್ಮಿ ಕಲೆಯಾದರೆ ಒರೆಸುತ್ತಿರು, ಕೊಳೆಯಾದ ಬಿಳಿ ಬಿಳಿಯಲ್ಲ.

ಡೊನಾಟೊ


ಏಪ್ರಿಲ್ 4

ಮಾವ,

ಗುರುವಾರ ಊಟ ಆಯಿತು.

ತಡವಾಗಿ ಬಿತ್ತಿದ್ದಕ್ಕೆ ಎಲೆ ಸಣ್ಣವು. ಪ್ರತಿ ಮಗುವಿಗೂ ಒಂದೊಂದು ಹಿಡಿ ಬಂತು, ಅಷ್ಟೇ. ಸಮಿತಿಯವರು ಉದ್ದ ಬೆಂಚಿನ ಮೇಲೆ ಸಾಲಾಗಿ ಕೂತಿದ್ದರು, ತೀರ್ಪು ಕೊಡುವವರ ಹಾಗೆ. ಒಬ್ಬಾಕೆ "ಇದು ಊಟಕ್ಕೋ ಅಲಂಕಾರಕ್ಕೋ?" ಅಂದಳು. ಮಕ್ಕಳು ಮೊದಲು ಮುಟ್ಟಲಿಲ್ಲ. ಆಮೇಲೆ ಹಾಕಿ ತಂಡದ ಗೋಲ್‌ಕೀಪರ್ ಹುಡುಗ ಒಂದು ಎಲೆ ಬಾಯಿಗೆ ಹಾಕಿಕೊಂಡು, "ಹೇ, ಇದು ಕರಂ ಕುರುಂ ಅನ್ನುತ್ತೆ ಕಣ್ರೋ" ಅಂದ. ಇಲ್ಲಿಯ ಮಕ್ಕಳು ಬಾಡದ ಸೊಪ್ಪು ತಿಂದೇ ಇರಲಿಲ್ಲ ಮಾವ. ಸೊಪ್ಪು ಅಂದರೆ ಮೆತ್ತಗಿರುವುದು ಅಂದುಕೊಂಡಿದ್ದರು. ಆಮೇಲೆ ಊಟದ ಮನೆಯಲ್ಲಿ ಕರಂ ಕುರುಂ ಬಿಟ್ಟು ಬೇರೆ ಸದ್ದಿಲ್ಲ. ಪಿಯಾ ಕೂಡ ತಿಂದಳು, ಈ ಸಲ ತಾನು ಹೆಸರಿಟ್ಟ ಒಂದು ತಟ್ಟೆಯದನ್ನು ಬಿಟ್ಟು.

ಜೆರಾಲ್ಡ್ ಎದ್ದು ತಟ್ಟೆ ಹಿಡಿದುಕೊಂಡು ಬಂದ. "ಇನ್ನೊಂದ್ ಚೂರು ಇದ್ರೆ ಹಾಕಮ್ಮ" ಅಂದ. ಇರಲಿಲ್ಲ. "ಇಲ್ವಾ? ಹಾಗಾದ್ರೆ ಮುಂದಿನ ಸಲ ಜಾಸ್ತಿ ಬೆಳಿ" ಅಂದ. ಅದೇ ತೀರ್ಪು. ಹೆಲ್ಮೆಟ್ಟುಗಳಿಗೆ ಅವನು ಬೇರೆ ಜಾಗ ನೋಡಿಕೊಳ್ಳುತ್ತಾನಂತೆ. ಕೋಣೆ ನನ್ನದು, ಕೆಲಸ ನನ್ನದು. ಖುಷಿಯಿಂದ ಅಡುಗೆಮನೆಯ ಹಿಂದೆ ಹೋಗಿ ಅತ್ತೆ.

ನಾವು ಲೆಮಿಂಗ್ಟನ್ನಿಗೆ ಬರುವುದಿಲ್ಲ ಮಾವ. ನೇರವಾಗಿ ಹೇಳಿಬಿಡಬೇಕು ಅನ್ನಿಸಿತು. ಪಿಯಾ ನಿಮ್ಮನ್ನು ಕೇಳುತ್ತಿರುತ್ತಾಳೆ. ಕೊಲ್ಲಿಯ ಮಂಜುಗಡ್ಡೆ ಕರಗಿ ದೋಣಿ ಸಂಚಾರ ಶುರುವಾದ ಮೇಲೆ ನೀವೇ ಒಮ್ಮೆ ಬನ್ನಿ ಎಂದು ಬರೆಯಬೇಕೆಂದಿದ್ದೆ. ಬರೆಯಲು ಕೂತರೆ ಆ ಗಾಳಿಯ ಕಾಗದ ನೆನಪಾಗುತ್ತದೆ. ನನ್ನ ಸಿಟ್ಟು ಇನ್ನೂ ಇಳಿದಿಲ್ಲ. ಇಳಿದ ಮೇಲೆ ಕರೆಯುತ್ತೇನೆ.

ಲೊರೇನ್


ಏಪ್ರಿಲ್ 19

ಲೊರೇನ್,

ಕರಂ ಕುರುಂ ಎಂಬುದನ್ನು ಎರಡು ಸಲ ಓದಿದೆ. ಕ್ಲಬ್ಬಿನಲ್ಲಿ ಓದಲಿಲ್ಲ, ಇದು ನನ್ನೊಬ್ಬನಿಗೇ ಇರಲಿ ಎಂದು.

ಬರುವುದಿಲ್ಲ ಎಂದು ಬರೆದದ್ದು ಸರಿ. ನೀನು ಗೆದ್ದೆ ಎಂದು ಓದುವಾಗ ಬೇಸರವಾಗುತ್ತದೇನೋ ಎಂದು ಕಾದು ನೋಡಿದೆ. ಸಂತೋಷವೇ ಆಯಿತು. ನನಗೇ ಆಶ್ಚರ್ಯ.

ಈಗ ಒಂದೇ ಮಾತಿಗೆ ಉತ್ತರ. ಸಿಟ್ಟು ಇಳಿದ ಮೇಲೆ ಕರೆಯುತ್ತೇನೆ ಅಂದಿದ್ದೀಯ. ನಿನ್ನ ಸಿಟ್ಟು ನನಗೆ ಗೊತ್ತು, ರೆಮೊ ಹೇಳುತ್ತಿದ್ದ. ಅದು ಇಳಿಯುವವರೆಗೆ ಕಾಯುವ ವಯಸ್ಸು ನನ್ನದಲ್ಲ. ಅದಕ್ಕೆ ಸಿಟ್ಟಿರುವಾಗಲೇ ಬರುತ್ತಿದ್ದೇನೆ. ಜೂನಿನ ಮೊದಲ ದೋಣಿಗೆ ಟಿಕೆಟ್ ತೆಗೆದಾಯಿತು. ಬಾಗಿಲಲ್ಲೇ ನಿಲ್ಲಿಸಿ ಬೈಯುವುದಿದ್ದರೆ ಬೈ, ಜೋರಾಗಿ ಬೈ, ನನಗೆ ಕಿವಿ ಸರಿಯಾಗಿ ಕೇಳಿಸುವುದಿಲ್ಲ.

ಡೊನಾಟೊ